ಸೂಟ್‌ಕೇಸಿನಲ್ಲಿ ಬಂದ ‘ರಾತ್ರಿ ರಾಣಿ’: ಒಂದು ಪ್ರಕರಣ ಅಧ್ಯಯನ

ಹಾಸನ ಜಿಲ್ಲೆಯ ಮಲೆನಾಡಿನ ಅಂಚಿನಲ್ಲಿರುವ ಒಂದು ಕೃಷಿಕರ ಮನೆಯ ಪ್ರಕರಣ ಇದು. ಊರು, ಹೆಸರು ಬೇಡ. ಮನೆಯ ಹಿರಿಯರನ್ನು ಯಜಮಾನರು, ಅಮ್ಮ ಅಂತಲೇ ಕರೆಯುತ್ತೇನೆ. ಗುರುತು ಸಿಗಬಾರದು ಅಂತ ಮನೆಯವರ ಒಂದೆರಡು ವಿವರ ಬದಲಿಸಿದ್ದೇನೆ. ಗಿಡದ ವಿವರವನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ. ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಸುತ್ತಮುತ್ತಲಿನವರು ಹೆಸರು ಗೊತ್ತಿಲ್ಲದ ಗಿಡ ಕಂಡರೆ ಒಂದು ಕೊಂಬೆ ಮುರಿದು ತಂದು ಜಗಲಿಯ ಮೇಲೆ ಇಡುತ್ತಾರೆ. ಇದೂ ಹಾಗೇ ಬಂದದ್ದು.

ಹಿನ್ನೆಲೆ

ಇವರ ಮಗ ಸಿಡ್ನಿಯಲ್ಲಿದ್ದಾರೆ. ಸೊಸೆಯ ಬಾಣಂತನಕ್ಕೆ ಅಂತ ಯಜಮಾನರೂ ಅಮ್ಮನೂ ಹೋಗಿ, ವೀಸಾ ಇರುವಷ್ಟು ದಿನ ಇದ್ದು ಬಂದರು. ಸಂಜೆ ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಮನೆ ಹತ್ತಿರದ ತೊರೆ ಪಕ್ಕ ಒಂದು ಸುತ್ತು ಹೋಗುವುದು ಅಮ್ಮನ ರೂಢಿ. ಕತ್ತಲಾಗುತ್ತಾ ಬಂದ ಹಾಗೆ ಅಲ್ಲೊಂದು ಕಡೆ ಗಮ್ ಅಂತ ಪರಿಮಳ ಬರುತ್ತಿತ್ತಂತೆ. ಹುಡುಕಿದರೆ ಆಳೆತ್ತರದ ಪೊದೆ, ಕೊಂಬೆ ತುದಿಯಲ್ಲಿ ಸಣ್ಣ ಕೊಳವೆಯಂಥ ಹೂವಿನ ಗೊಂಚಲು. ವಾಪಸ್ ಹೊರಡುವ ಹಿಂದಿನ ದಿನ ಎರಡು ಕಡ್ಡಿ ಕತ್ತರಿಸಿ, ಒದ್ದೆ ಪೇಪರ್ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಸೀರೆಗಳ ನಡುವೆ ಇಟ್ಟುಕೊಂಡು ಬಂದರು.

ತಮಾಷೆ ಅಂದರೆ, ಆಸ್ಟ್ರೇಲಿಯಾಕ್ಕೆ ಇಳಿಯುವಾಗ ಉಪ್ಪಿನಕಾಯಿ, ಚಟ್ನಿಪುಡಿಯನ್ನೂ ಕಾರ್ಡಿನಲ್ಲಿ ಬರೆದು ತೋರಿಸಿ ಒಳಗೆ ಹೋಗಿದ್ದವರು ಇವರು. ಅಲ್ಲಿನ ನಿಯಮ ಬಿಗಿ ಅಂತ ಎಲ್ಲರಿಗೂ ಗೊತ್ತು. ನಮ್ಮಲ್ಲೂ ನಿಯಮ ಇದೆ ಅನ್ನುವುದು ಯಾರಿಗೂ ನೆನಪಾಗುವುದಿಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ, ನೆಡಲು ಕಡ್ಡಿ, ಗೆಡ್ಡೆ, ಗಿಡ ಏನೇ ತಂದರೂ ಮುಂಚೆಯೇ ಆಮದು ಪರವಾನಗಿ ಪಡೆದಿರಬೇಕು. ಆ ದೇಶದ ಇಲಾಖೆ ಕೊಟ್ಟ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಜೊತೆಗಿರಬೇಕು. ಮೊಮ್ಮಗನ ಊರಿನ ನೆನಪಿಗೆ ಎರಡು ಕಡ್ಡಿ ತರುವ ಅಜ್ಜಿಗೆ ಇದನ್ನೆಲ್ಲ ಹೇಳುವವರು ಯಾರು?

ಬಚ್ಚಲ ನೀರು ಹರಿದು ಹೋಗುವ ಜಾಗ, ಕೊಟ್ಟಿಗೆಯ ಗೋಡೆಗೆ ಸ್ವಲ್ಪ ದೂರ. ಅಲ್ಲಿ ನೆಟ್ಟರು. ಎರಡರಲ್ಲಿ ಒಂದು ಬದುಕಿತು, ಮಳೆ ಬಿದ್ದ ಮೇಲೆ ಅದು ಎದ್ದ ರೀತಿ ನೋಡಿ ಮನೆಯವರಿಗೇ ಆಶ್ಚರ್ಯ. ಮರುವರ್ಷ ಹೂ ಬಿಟ್ಟಿತು. ರಾತ್ರಿ ಊಟ ಮುಗಿಸಿ ಕೈ ತೊಳೆಯಲು ಹಿತ್ತಿಲ ಬಾಗಿಲು ತೆಗೆದರೆ ಸಾಕು, ಅಡುಗೆಮನೆವರೆಗೂ ಪರಿಮಳ. ಬಂದವರೆಲ್ಲ ‘ಆಸ್ಟ್ರೇಲಿಯಾ ರಾತ್ರಿ ರಾಣಿ’ ಅಂತ ಕರೆದರು. ಕೆಲವರು ಕಡ್ಡಿ ಕೇಳಿದರು. ಅಮ್ಮ ಕೊಟ್ಟರು ಕೂಡ.

ಅನುಮಾನ ಹುಟ್ಟಿದ್ದು

ಈ ಗಿಡ ಬೇರೆ ಇರಬಹುದು ಅಂತ ಮೊದಲು ಕಂಡುಕೊಂಡವರು ಅಮ್ಮನೇ. ನನ್ನ ಹತ್ತಿರ ಬಂದು ಅವರು ಹೇಳಿದ್ದು ಇಷ್ಟೇ: “ಮೇಷ್ಟ್ರೇ, ನಮ್ಮ ತವರುಮನೇಲಿ ರಾತ್ರಿ ರಾಣಿ ಇತ್ತು. ಅದು ಕಾಯಿ ಬಿಟ್ಟರೆ ಬೆಳ್ಳಗೆ ಮುತ್ತಿನ ಹಾಗೆ ಇರ್ತಿತ್ತು. ಇದರದ್ದು ಹಣ್ಣಾಗ್ತಾ ಕಪ್ಪಾಯ್ತು. ಇದು ಯಾವುದು ಹಾಗಾದ್ರೆ?”

ಅವರ ಕೈಯಲ್ಲಿ ಎರಡು ಹಣ್ಣು ಇದ್ದವು. ಮೊಟ್ಟೆಯಾಕಾರ, ನುಣುಪು, ನೇರಳೆ ಕಡೆ ತಿರುಗಿದ ಕಪ್ಪು. ಹಿಚುಕಿದರೆ ಒಳಗೆ ಪುಟ್ಟ ಬೀಜಗಳು. ನಮ್ಮ ಹಿತ್ತಿಲುಗಳಲ್ಲಿರುವ ರಾತ್ರಿ ರಾಣಿ, ಅಂದರೆ ಸೆಸ್ಟ್ರಮ್ ನೊಕ್ಟರ್ನಮ್, ಕಾಯಿ ಕಟ್ಟಿದಾಗ ಹಣ್ಣು ಬಿಳಿಯೇ ಇರುತ್ತದೆ. ಈ ಒಂದು ವಿಷಯವೇ ಸಾಕಿತ್ತು, ಸುಮ್ನೆ ಬಿಡುವ ಹಾಗಿಲ್ಲ ಅನ್ನುವುದಕ್ಕೆ.

ಯಜಮಾನರಿಗೆ ಇದೆಲ್ಲ ಅತಿ ಅನ್ನಿಸಿತು. “ಹೂವು ಚೆನ್ನಾಗಿದೆ, ವಾಸನೆ ಚೆನ್ನಾಗಿದೆ. ಹೆಸರು ಯಾವುದಾದ್ರೆ ಏನು?” ಅಂದರು. ಆದರೆ ಅದೇ ಮಾತಿನ ನಡುವೆ, ಪಕ್ಕದ ಮನೆ ಕಡಸು ಹಗ್ಗ ಬಿಚ್ಚಿಕೊಂಡು ಬಂದು ಆ ಗಿಡಕ್ಕೆ ಬಾಯಿ ಹಾಕಿ, ಮೂಸಿ, ಬಿಟ್ಟು ಹೋಯಿತು ಅಂತಲೂ ಹೇಳಿದರು. ಆಗ ನನಗೆ ಹಣ್ಣಿನ ಬಣ್ಣಕ್ಕಿಂತ ಗಿಡ ನೆಟ್ಟ ಜಾಗದ ಚಿಂತೆ ಜಾಸ್ತಿಯಾಯಿತು.

ಏನೇನು ನೋಡಿದೆವು

ನನ್ನ ಹತ್ತಿರ ಬರುವ ಮೊದಲೇ ಮನೆಯ ಹುಡುಗರು ಮೊಬೈಲ್ ಆ್ಯಪಿಗೆ ಫೋಟೊ ಹಾಕಿದ್ದರು. ಅದು ರಾತ್ರಿ ರಾಣಿ ಅಂದಿತ್ತು. ಹೂವನ್ನು ಮುಂದಿನಿಂದ ತೆಗೆದ ಒಂದೇ ಫೋಟೊ ಕೊಟ್ಟರೆ ಅದು ತಾನೇ ಏನು ಹೇಳೀತು? ನರ್ಸರಿಯವರೊಬ್ಬರು “ಹೈಬ್ರಿಡ್ ರಾತ್ರಿ ರಾಣಿ” ಅಂದರಂತೆ. ಗೊತ್ತಿಲ್ಲದ್ದಕ್ಕೆಲ್ಲ ಹೈಬ್ರಿಡ್ ಅನ್ನುವುದು ನಮ್ಮಲ್ಲಿ ರೂಢಿ. ನೆಂಟರಲ್ಲಿ ಯಾರೋ ವಿದೇಶದ ಪಾರಿಜಾತ ಇರಬಹುದು ಅಂದಿದ್ದರು. ಅದನ್ನು ಬಿಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪಾರಿಜಾತದ ಎಳೆ ಕೊಂಬೆ ಚೌಕ, ಎಲೆ ಎದುರುಬದುರು, ಮುಟ್ಟಿದರೆ ಒರಟು. ಇಲ್ಲಿ ಕೊಂಬೆ ದುಂಡಗೆ, ಎಲೆ ನುಣ್ಣಗೆ, ಒಂದು ಈ ಕಡೆ ಒಂದು ಆ ಕಡೆ.

ಹೂವು ಬಿಡಿಸಿ ನೋಡಿದರೆ ಉದ್ದ ಕೊಳವೆ, ತುದಿಯಲ್ಲಿ ಐದು ಎಸಳು, ಒಳಗೆ ಐದು ಕೇಸರ. ಬದನೆ, ಟೊಮೆಟೊ, ಉಮ್ಮತ್ತಿ, ತಂಬಾಕಿನ ಕುಟುಂಬದ್ದು ಇದು. ಅದರೊಳಗೆ ಸೆಸ್ಟ್ರಮ್ ಗುಂಪಿನದು ಅನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ. ಯಾವ ಸೆಸ್ಟ್ರಮ್ ಅನ್ನುವುದೇ ಪ್ರಶ್ನೆ.

ಇಂಥ ಸಂದರ್ಭದಲ್ಲಿ ಪುಸ್ತಕಕ್ಕಿಂತ ಮೊದಲು ಗೊತ್ತಿರುವ ಗಿಡದ ಪಕ್ಕ ಇಟ್ಟು ನೋಡುವುದು ಒಳ್ಳೆಯದು. ಅದೇ ಊರಿನ ಇನ್ನೊಂದು ಮನೆಯಿಂದ ನಿಜವಾದ ರಾತ್ರಿ ರಾಣಿಯ ಹೂ ಬಿಟ್ಟ ಕೊಂಬೆ ತರಿಸಿ, ಜಗಲಿಯ ಮೇಲೆ ಒಂದೇ ಮೊರದಲ್ಲಿ ಎರಡನ್ನೂ ಇಟ್ಟೆವು. ರಾತ್ರಿ ರಾಣಿಯ ಕೊಂಬೆ ಬಾಗಿ ಜೋತಾಡುತ್ತದೆ. ಎಲೆಯ ಕಂಕುಳಲ್ಲೆಲ್ಲ ಹೂವಿನ ಗೊಂಚಲು. ಎಲೆ ಅಗಲ, ಬುಡ ದುಂಡಗೆ. ಹೂವು ಹಸಿರು ಬೆರೆತ ಬಿಳಿ, ಎಸಳು ಸಣ್ಣದು, ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಸಿಡ್ನಿಯ ಕೊಂಬೆ ನೆಟ್ಟಗೆ, ಬಿರುಸು. ಎಲೆ ಕಿರಿದು, ಎರಡೂ ತುದಿಗೆ ಚೂಪಾಗುತ್ತಾ ಹೋಗುತ್ತದೆ, ತೆಳು. ಹೂಗಳು ಹೆಚ್ಚಾಗಿ ಕೊಂಬೆಯ ತುದಿಯಲ್ಲಿ ಗುಂಪಾಗಿ. ಬಣ್ಣ ಹಸಿರು ಛಾಯೆಯ ಹಳದಿ, ಎಸಳುಗಳು ಚೂಪಾಗಿ ನಕ್ಷತ್ರದ ಹಾಗೆ ಹರಡಿಕೊಂಡಿವೆ. ಎಲೆ ಉಜ್ಜಿ ಮೂಸಿದರೆ ಮೂಗು ಹಿಂದಕ್ಕೆ ಸರಿಯುವಂಥ ವಾಸನೆ. ರಾತ್ರಿ ಪರಿಮಳ ಬೀರುವ ಗಿಡದ ಎಲೆ ಹಗಲಲ್ಲಿ ಇಷ್ಟು ಕೆಟ್ಟದಾಗಿ ನಾರುತ್ತದೆ ಅಂತ ಅಮ್ಮನಿಗೆ ಅವತ್ತೇ ಗೊತ್ತಾದದ್ದು. ವಾಸನೆಯನ್ನು ನಾನು ಗುರುತಿಗೆ ಹೆಚ್ಚು ಬಳಸುವುದಿಲ್ಲ, ಒಬ್ಬೊಬ್ಬರ ಮೂಗು ಒಂದೊಂದು ಥರ. ಆದರೆ ಎಲೆಯ ಅಗಲ, ಹೂವಿನ ಬಣ್ಣ, ಗೊಂಚಲಿನ ಜಾಗ, ಹಣ್ಣಿನ ಬಣ್ಣ ನಾಲ್ಕೂ ಬೇರೆ ಅಂದಮೇಲೆ ರಾತ್ರಿ ರಾಣಿಯನ್ನು ಪಟ್ಟಿಯಿಂದ ತೆಗೆದೆವು.

ಕಪ್ಪು ಹಣ್ಣಿನ ಸೆಸ್ಟ್ರಮ್ ಅಂದರೆ ತಟ್ಟನೆ ನೆನಪಾಗುವವು ಎರಡು. ಒಂದು ಸೆಸ್ಟ್ರಮ್ ಡಯರ್ನಮ್. ನರ್ಸರಿಗಳಲ್ಲಿ ‘ದಿನ್ ಕಾ ರಾಜಾ’ ಅಂತ ಸಿಗುತ್ತದೆ. ಇದರ ಹೂವು ಅಚ್ಚ ಬಿಳಿ, ಎಸಳು ದುಂಡಗೆ ಹಿಂದಕ್ಕೆ ಮಡಚಿರುತ್ತದೆ, ಹಗಲಲ್ಲೇ ಪರಿಮಳ. ಇನ್ನೊಂದು ಸೆಸ್ಟ್ರಮ್ ಪಾರ್ಕಿ. ಚಿಲಿ, ಅರ್ಜೆಂಟೀನಾ ಕಡೆಯ ಮೂಲದ್ದು. ಹಳದಿ ಹೂವು, ರಾತ್ರಿ ಪರಿಮಳ.

ಅಮ್ಮನಿಗೆ ಒಂದು ಕೆಲಸ ಒಪ್ಪಿಸಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ ಗಿಡದ ಹತ್ತಿರ ಹೋಗಿ ಮೂಸಿ ನೋಡಿ ಅಂತ. ಹಗಲು ಏನೂ ಇಲ್ಲ, ದೀಪ ಹಚ್ಚುವ ಹೊತ್ತಿಗೆ ಶುರು, ಊಟದ ಹೊತ್ತಿಗೆ ಜೋರು. ದಿನಾ ಅದೇ ಕಥೆ. ಪತಂಗಗಳನ್ನು ಕರೆಯುವ ಹೂವಿನ ಲಕ್ಷಣ ಇದು. ಹಾವು ಬರುತ್ತದೆ ಅನ್ನುವ ಮಾತನ್ನೂ ಆ ಮನೆಯಲ್ಲಿ ಎತ್ತಿದರು. ಹಾವಿಗೆ ಹೂವಿನ ಪರಿಮಳ ಬೇಕಿಲ್ಲ. ಕೊಟ್ಟಿಗೆ, ಹುಲ್ಲು, ಇಲಿ ಇದ್ದರೆ ಅದು ಹೇಗೂ ಬರುತ್ತದೆ.

ಹೆಸರಿಗೆ ಕಾಯದೆ ತೆಗೆದುಕೊಂಡ ತೀರ್ಮಾನ

ಇಲ್ಲೊಂದು ಇಕ್ಕಟ್ಟು ಇತ್ತು. ಹೆಸರು ಖಚಿತವಾಗಬೇಕಾದರೆ ಒಂದೇ ಕೊಂಬೆಯಲ್ಲಿ ಹೂವೂ ಬಲಿತ ಹಣ್ಣೂ ಇರುವ ಮಾದರಿ ಬೇಕು. ಅದಕ್ಕೆ ಕಾಯಬೇಕು. ಆದರೆ ಹಣ್ಣು ಬಲಿತರೆ ಪಿಕಳಾರಗಳು ಬಿಡುವುದಿಲ್ಲ. ತಿಂದು ಕಾಫಿ ತೋಟದಲ್ಲೋ ಹಳ್ಳದ ದಂಡೆಯಲ್ಲೋ ಬೀಜ ಉದುರಿಸುತ್ತವೆ. ಇನ್ನೊಂದು ಕಡೆ ಕೊಟ್ಟಿಗೆಯಲ್ಲಿ ಹಾಲು ಕರೆಯುವ ದನಗಳಿವೆ.

ಎರಡು ಸಾಧ್ಯತೆಗಳನ್ನೂ ಎದುರಿಗಿಟ್ಟುಕೊಂಡು ನೋಡಿದೆವು. ಡಯರ್ನಮ್ ಆದರೆ ಅದರ ಎಲೆಯಲ್ಲಿ ವಿಟಮಿನ್ ಡಿ3ರ ಕ್ರಿಯಾಶೀಲ ರೂಪ ಇರುತ್ತದೆ. ಜಾನುವಾರು ಮೇಯುತ್ತಾ ಹೋದರೆ ಸುಣ್ಣದಂಶ ಮಿತಿಮೀರಿ ರಕ್ತನಾಳಗಳಲ್ಲೇ ಕಟ್ಟಿಕೊಳ್ಳುತ್ತದೆ, ದನ ಬಡಕಲಾಗಿ ಕುಂಟುತ್ತಾ ಹೋಗುತ್ತದೆ. ಪಾರ್ಕಿ ಆದರೆ ಇನ್ನೂ ಬೇಗ. ಅದರಲ್ಲಿರುವ ಕಾರ್ಬಾಕ್ಸಿಪಾರ್ಕಿನ್ ಎಂಬ ವಿಷ ನೇರ ಪಿತ್ತಜನಕಾಂಗಕ್ಕೆ ಹೊಡೆಯುತ್ತದೆ, ಲಕ್ಷಣ ಕಂಡ ಮೇಲೆ ದನ ಉಳಿಯುವುದು ಕಷ್ಟ. ಇದಕ್ಕೆ ಪ್ರತಿವಿಷ ಇಲ್ಲ. ಹೋಗಲಿ, ಮಾಮೂಲಿ ರಾತ್ರಿ ರಾಣಿಯೇ ಆಗಿದ್ದರೂ ಅದು ಮೇವಲ್ಲ, ಹಣ್ಣು ಮಕ್ಕಳ ಬಾಯಿಗೆ ಹೋಗಬಾರದ್ದು. ಅಂದರೆ ಉತ್ತರ ಯಾವುದೇ ಬರಲಿ, ಈಗ ಮಾಡಬೇಕಾದ ಕೆಲಸ ಒಂದೇ.

ಅವತ್ತೇ ಗಿಡದ ಸುತ್ತ ಮುಳ್ಳುಬೇಲಿ ಬಿತ್ತು. ಸವರಿದ ಕೊಂಬೆಯನ್ನು ತಿಪ್ಪೆಗೆ ಎಸೆಯಬಾರದು, ಹುಲ್ಲಿನ ಬಣವೆ ಹತ್ತಿರ ಬಿಡಬಾರದು ಅಂತ ಕಡ್ಡಾಯ ಮಾಡಿದೆವು. ಹಸಿ ಗಿಡವನ್ನು ದನ ಮೂಸಿ ಬಿಡಬಹುದು. ಬಾಡಿದ ಸೊಪ್ಪು ಮೇವಿನ ಜೊತೆ ಬೆರೆತರೆ ತಿಂದುಬಿಡುತ್ತದೆ, ಒಣಗಿದರೂ ವಿಷ ಹೋಗುವುದಿಲ್ಲ. ಹಣ್ಣಿಗೆ ಅಮ್ಮ ಹಳೆ ಪಂಚೆ ಹರಿದು ಸಣ್ಣ ಚೀಲ ಹೊಲಿದರು. ಮೂರ್ನಾಲ್ಕು ಗೊಂಚಲಿಗೆ ಚೀಲ ಕಟ್ಟಿ, ಉಳಿದ ಹೂವನ್ನೆಲ್ಲ ಕಾಯಿ ಕಟ್ಟುವ ಮುಂಚೆ ಕತ್ತರಿಸಿ ಹಾಕಿದೆವು. ಮಾದರಿಗೆ ಹಣ್ಣೂ ಸಿಕ್ಕಿತು, ಹಕ್ಕಿಗೂ ಸಿಗಲಿಲ್ಲ.

ದಿಕ್ಕು ಬದಲಿಸಿದ ಪ್ರಶ್ನೆ

ನಮ್ಮ ಜಿಲ್ಲೆಯ ಸಸ್ಯಗಳ ಬಗ್ಗೆ ಒಳ್ಳೆಯ ದಾಖಲೆ ಇದೆ. ಸಲ್ಡಾನಾ ಮತ್ತು ನಿಕೋಲ್ಸನ್ ಅವರ ಹಾಸನ ಜಿಲ್ಲೆಯ ಸಸ್ಯ ಗ್ರಂಥ 1976ರಲ್ಲೇ ಬಂದಿದೆ. ಆದರೆ ಸೂಟ್‌ಕೇಸಿನಲ್ಲಿ ಮೊನ್ನೆ ಬಂದ ಗಿಡಕ್ಕೆ ಇಲ್ಲಿನ ಗ್ರಂಥ ಹುಡುಕಿ ಪ್ರಯೋಜನ ಇಲ್ಲ. ಅದು ಬಂದ ಊರಿನಲ್ಲಿ ಹುಡುಕಬೇಕು. ಹಾಗಾಗಿ ಅಮ್ಮನನ್ನು ಕೇಳಿದೆ: “ಇದನ್ನ ಯಾರದಾದ್ರೂ ಮನೆ ಕೈತೋಟದಿಂದ ಕಿತ್ತಿದ್ದಾ, ಬೀದಿ ಬದಿಯಿಂದಾನಾ?”

“ಯಾರ ಮನೇದೂ ಅಲ್ಲ ಮೇಷ್ಟ್ರೇ. ತೊರೆ ದಂಡೇಲಿ ತಾನಾಗೇ ಬೆಳ್ಕೊಂಡಿತ್ತು. ಒಂದಲ್ಲ, ಸಾಲಾಗಿ ಇತ್ತು.”

ಯಾರೂ ನೆಡದೆ, ನೀರಿನ ದಂಡೆಯಲ್ಲಿ ಸಾಲಾಗಿ ಬೆಳೆದಿದೆ ಅಂದರೆ ಅದು ಅಲ್ಲಿನ ಸ್ವಂತ ಗಿಡ ಇರಬೇಕು, ಇಲ್ಲವೇ ಹರಡಿಕೊಂಡ ಕಳೆ ಇರಬೇಕು. ಸೆಸ್ಟ್ರಮ್ ಗುಂಪು ಅಮೆರಿಕ ಖಂಡಗಳದ್ದು, ಆಸ್ಟ್ರೇಲಿಯಾದಲ್ಲಿ ಸ್ವಂತದ್ದು ಒಂದೂ ಇಲ್ಲ. ಹಾಗಾದರೆ ಕಳೆಯೇ. ಪೂರ್ವ ಆಸ್ಟ್ರೇಲಿಯಾದ ತೊರೆ ದಂಡೆಗಳಲ್ಲಿ, ಹಳೆ ತೋಟಗಳ ಸುತ್ತ ಹರಡಿ ದನ ಕೊಲ್ಲುವ ಕಳೆ ಅಂತ ಹೆಸರಾದ ಸೆಸ್ಟ್ರಮ್ ಇದೆ. ಅಲ್ಲಿ ಅದನ್ನು ‘ಗ್ರೀನ್ ಸೆಸ್ಟ್ರಮ್’ ಅನ್ನುತ್ತಾರೆ. ಅದೇ ಸೆಸ್ಟ್ರಮ್ ಪಾರ್ಕಿ. ಅಲಂಕಾರಕ್ಕೆ ಅಂತ ತಂದು, ಕೈತೋಟದಿಂದ ತಪ್ಪಿಸಿಕೊಂಡದ್ದು.

ಆ ವಾರದ ಕೊನೆಗೆ ಮಗ ಅದೇ ಜಾಗಕ್ಕೆ ಹೋಗಿ ಫೋಟೊ ಕಳಿಸಿದರು. ಅಮ್ಮ ಕಡ್ಡಿ ಮುರಿದ ಪೊದೆ ಅಲ್ಲಿರಲಿಲ್ಲ. ಬುಡಕ್ಕೆ ಕಡಿದು, ಕೂಳೆಗೆ ಬಣ್ಣ ಬೆರೆಸಿದ ಕಳೆನಾಶಕ ಬಳಿದಿದ್ದರು. ಸ್ವಲ್ಪ ದೂರದಲ್ಲಿ ಉಳಿದಿದ್ದ ಒಂದು ಗಿಡದಲ್ಲಿ ಅದೇ ಕಿರಿದಾದ ಎಲೆ, ಅದೇ ಹಳದಿ ಹೂವು, ಅದೇ ಕಪ್ಪು ಹಣ್ಣು.

ಇಲ್ಲಿಗೇ ನಿಲ್ಲಿಸಲಿಲ್ಲ. ಹೂವು, ಹಣ್ಣು ಎರಡೂ ಇರುವ ಕೊಂಬೆಯನ್ನು ಪೇಪರಿನ ನಡುವೆ ಒತ್ತಿ ಒಣಗಿಸಿ, ಹೂವಿನ ಬಣ್ಣ, ಪರಿಮಳದ ಹೊತ್ತು, ಕಡ್ಡಿ ಕತ್ತರಿಸಿದ ಜಾಗ ಎಲ್ಲ ಚೀಟಿಯಲ್ಲಿ ಬರೆದು ಒಬ್ಬ ತಜ್ಞರಿಗೆ ಕಳಿಸಿದೆವು. ಬಣ್ಣ ಬರೆದಿಡಲೇಬೇಕು, ಒಣಗಿದ ಮೇಲೆ ಹಳದಿ ಯಾವುದು ಬಿಳಿ ಯಾವುದು, ಎಲ್ಲ ಕಂದು. ಅವರ ಉತ್ತರವೂ ಪಾರ್ಕಿ ಅಂತಲೇ ಬಂತು.

ಕೀಳುವುದಾ, ಇಟ್ಟುಕೊಳ್ಳುವುದಾ?

ಹೆಸರು ಸಿಕ್ಕಿತು. ಇನ್ನು ಅಮ್ಮನನ್ನು ಒಪ್ಪಿಸಬೇಕಿತ್ತು. ಬೇಲಿ ಹಾಕಿಯಾಯಿತಲ್ಲ, ಹೂವು ಕತ್ತರಿಸುತ್ತಾ ಇದ್ದರೆ ಆಯಿತಲ್ಲ ಅಂತ ಅವರ ವಾದ. ಕೇಳಲು ಸರಿ ಅನ್ನಿಸುವ ವಾದವೇ. ಆದರೆ ಹೂವು ಕತ್ತರಿಸುವುದಾದರೆ ಪರಿಮಳಕ್ಕೆ ಅಂತ ಇಟ್ಟುಕೊಂಡ ಗಿಡ ಯಾಕೆ? ಊರಿಗೆ ಹೋದಾಗ, ಜ್ವರ ಬಂದು ಮಲಗಿದಾಗ ಕತ್ತರಿಸುವವರು ಯಾರು? ಈ ಗಿಡಕ್ಕೆ ಬೀಜವೇ ಬೇಕು ಅಂತಿಲ್ಲ, ಬೇರಿನಿಂದಲೂ ಚಿಗುರುತ್ತದೆ.

ನಾನು ಲಂಟಾನದ ಮಾತೆತ್ತಿದೆ. ಅದೂ ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಅಂದಕ್ಕೆ ಅಂತ ಬಂದದ್ದು. ಇವತ್ತು ನಮ್ಮ ಕಾಡಿನ ಗತಿ ಏನಾಗಿದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಸೆಸ್ಟ್ರಮ್ ಕುಲದ್ದೇ ಉದಾಹರಣೆ ಬೇಕಾದರೆ ನೀಲಗಿರಿಗೆ ಹೋಗಬಹುದು. ಕಿತ್ತಳೆ ಹೂವಿನ ಸೆಸ್ಟ್ರಮ್ ಔರಾಂಟಿಯಾಕಮ್ ಅಲ್ಲಿನ ಶೋಲಾ ಕಾಡಿನ ಅಂಚಿನಲ್ಲಿ ಹಬ್ಬಿಕೊಂಡಿದೆ. ಹೊರಗಿನ ಗಿಡವೆಲ್ಲ ಕೆಟ್ಟದ್ದು ಅಂತಲ್ಲ. ನಾವು ನಮ್ಮದೇ ಅಂದುಕೊಂಡಿರುವ ರಾತ್ರಿ ರಾಣಿಯೂ ವೆಸ್ಟ್ ಇಂಡೀಸ್, ಮಧ್ಯ ಅಮೆರಿಕದ ಕಡೆಯಿಂದ ಬಂದದ್ದೇ.

ನನ್ನ ಈ ಭಾಷಣದಿಂದ ಏನೂ ಆಗಲಿಲ್ಲ. ಕೆಲಸ ಮಾಡಿದ್ದು ಮಗ ಕಳಿಸಿದ ಆ ಕೂಳೆಯ ಫೋಟೊ. ಅಮ್ಮ ಅದನ್ನು ಹಿಗ್ಗಿಸಿ ನೋಡಿದರು. “ಅಲ್ಲಿನವರೇ ದುಡ್ಡು ಕೊಟ್ಟು ಆಳು ಕರೆಸಿ ಕಡಿಸ್ತಿದಾರೆ ಅಂದ್ಮೇಲೆ ನಾವ್ಯಾಕೆ ನೀರು ಹಾಕಿ ಸಾಕೋದು?” ಅಂದರು.

ಮಳೆಗಾಲಕ್ಕೆ ಮುಂಚೆ ಕೀಳಿಸಿದೆವು. ನೆಲದ ಮೇಲ್ಭಾಗದಲ್ಲೇ ಅಡ್ಡಡ್ಡ ಹೋಗಿದ್ದ ಬೇರುಗಳು ಹಳದಿ ಬಣ್ಣ, ಮಣ್ಣಿನಲ್ಲಿ ಎದ್ದು ಕಾಣುತ್ತಿದ್ದವು. ಹುಡುಕಲು ಅದೇ ಅನುಕೂಲವಾಯಿತು. ಆಳುಗಳಿಗೆ ಕೈಗವಸು ಹಾಕಿಸಿ, ತುಂಡು ಉಳಿಯದ ಹಾಗೆ ಅಗೆಸಿದೆವು. ಎಲ್ಲವನ್ನೂ ಕೊಟ್ಟಿಗೆಯಿಂದ ದೂರ ಬಂಡೆಯ ಮೇಲೆ ಒಣಗಿಸಿ ಸುಟ್ಟದ್ದಾಯಿತು. ಆದರೂ ಮೊದಲ ಮಳೆಗೆ ಅಲ್ಲಲ್ಲಿ ಚಿಗುರು ಎದ್ದಿತು. ಈಗ ಅದನ್ನು ನೋಡಿ ಕೀಳುವುದು ಯಜಮಾನರ ಬೆಳಗಿನ ಕೆಲಸ. ಹೆಸರು ಯಾವುದಾದ್ರೆ ಏನು ಅಂದಿದ್ದವರು ಈಗ ಬಂದವರಿಗೆಲ್ಲ ‘ಪಾರ್ಕಿ’ ಅಂತ ತೋರಿಸುತ್ತಾರೆ.

ಇದರಿಂದ ತಿಳಿದದ್ದು

ಗಿಡ ಗುರುತಿಸುವವರು ಸಾಮಾನ್ಯವಾಗಿ ಹೂವಿನ ಮೇಲೆಯೇ ಕಣ್ಣಿಡುತ್ತಾರೆ. ಈ ಪ್ರಕರಣದಲ್ಲಿ ಹೂವು ನಮ್ಮನ್ನು ಕುಲದವರೆಗೆ ಕರೆದುಕೊಂಡು ಹೋಯಿತು. ಅಲ್ಲಿಂದ ಮುಂದೆ ಕೈ ಹಿಡಿದದ್ದು ಹಣ್ಣು, ಮತ್ತು ಎಲ್ಲಿ ಕಿತ್ತಿರಿ ಅನ್ನುವ ಪ್ರಶ್ನೆ. ವಿದೇಶದಿಂದ ಬಂದ ಕಡ್ಡಿ ಯಾರೇ ತೋರಿಸಲಿ, ನಾನೀಗ ಮೊದಲು ಅದನ್ನೇ ಕೇಳುತ್ತೇನೆ. ಯಾವ ದೇಶ ಅನ್ನುವುದಷ್ಟೇ ಸಾಲದು. ಕೈತೋಟವೋ ಬೀದಿ ಬದಿಯೋ, ಒಂದೇ ಇತ್ತೋ ಹಿಂಡಾಗಿ ಇತ್ತೋ, ಅದೂ ಬೇಕು.

ಬೇಲಿಯನ್ನು ಹೆಸರು ಸಿಗುವ ಮುಂಚೆ ಹಾಕಿದ್ದು, ಗಿಡವನ್ನು ಹೆಸರು ಸಿಕ್ಕಿದ ಮೇಲೆ ಕಿತ್ತದ್ದು. ಎರಡೂ ಆ ಕ್ರಮದಲ್ಲೇ ಆದದ್ದು ಒಳ್ಳೆಯದಾಯಿತು. ಮೊದಲೇ ಕಿತ್ತಿದ್ದರೆ ಏನಂತ ತಿಳಿಯುತ್ತಲೇ ಇರಲಿಲ್ಲ. ಆಗ ಅಮ್ಮ ಹಂಚಿದ ಕಡ್ಡಿಗಳ ಬೆನ್ನು ಹತ್ತಬೇಕು ಅಂತಲೂ ನಮಗೆ ತೋಚುತ್ತಿರಲಿಲ್ಲ.

ಆ ಕಡ್ಡಿಗಳ ಕಥೆ ಇನ್ನೂ ಮುಗಿದಿಲ್ಲ. ಅಮ್ಮನ ನಾದಿನಿ ಕೊಟ್ಟಿಗೆ ಇರುವ ಮನೆಯವರು, ಫೋನಿನಲ್ಲಿ ದನದ ವಿಷಯ ಹೇಳಿದ ತಕ್ಷಣ ಕಿತ್ತರು. ಪಕ್ಕದೂರಿಗೆ ಹೋದ ಕಡ್ಡಿ ಚಿಗುರಿಯೇ ಇರಲಿಲ್ಲ. ಬೆಂಗಳೂರಿನ ನೆಂಟರೊಬ್ಬರ ತಾರಸಿಯಲ್ಲಿ ಮಾತ್ರ ಕುಂಡದಲ್ಲಿ ಚೆನ್ನಾಗಿ ಬೆಳೆದಿದೆ. “ನಮ್ಮಲ್ಲಿ ದನಾನೂ ಇಲ್ಲ, ತೋಟಾನೂ ಇಲ್ಲ, ಇದೊಂದೇ ಗಿಡ ಇರೋದು” ಅಂತ ಅವರು ಹಟ ಹಿಡಿದಿದ್ದಾರೆ. ತಾರಸಿಗೆ ಪಿಕಳಾರ ಬರೋದಿಲ್ವಾ ಅಂತ ಅಮ್ಮ ಕೇಳಿದ್ದಾರೆ. ದಿನಾ ಬರುತ್ತವಂತೆ, ನೀರು ಇಡುತ್ತಾರಂತೆ. ಸದ್ಯಕ್ಕೆ ಹೂವು ಬಾಡಿದ ಕೂಡಲೇ ಗೊಂಚಲು ಕತ್ತರಿಸುವುದಕ್ಕೆ ಒಪ್ಪಿದ್ದಾರೆ. ಮುಂದಿನ ತಿಂಗಳು ಮದುವೆಗೆ ಬೆಂಗಳೂರಿಗೆ ಹೋಗುವಾಗ ಅಮ್ಮ ನಿಜವಾದ ರಾತ್ರಿ ರಾಣಿಯ ಗಿಡವೊಂದನ್ನು ಜೊತೆಗೆ ತೆಗೆದುಕೊಂಡು ಹೋಗಿ, ಕುಂಡ ಬದಲಿಸಿ ಬರುತ್ತಾರಂತೆ.